ಬೀಗರ ಸರ್ಕಾರ

ಭಾಲ್ಕಿಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಓಂಪ್ರಕಾಶರ ಬೀಜ-ಗೊಬ್ಬರದ ಅಂಗಡಿ. ಸೋಯಾ ಬೀಜ ಕೇಳಿಕೊಂಡು ಬರುವವರಷ್ಟೇ ಮಂದಿ ಸುಮ್ಮನೆ ಕುಳಿತು ರಾಜಕೀಯ ಮಾತಾಡಲೂ ಅಲ್ಲಿಗೆ ಬರುತ್ತಿದ್ದರು. ಓಂಪ್ರಕಾಶರು ಗಂಟೆ ಗುರುತಿನ ಪಕ್ಷದ ತಾಲ್ಲೂಕು ಅಧ್ಯಕ್ಷರು. ಅಂಗಡಿಯ ಹಿಂದೆಯೇ ಮನೆ. ಬಂದವರಿಗೆಲ್ಲ ಚಹಾ ಅಲ್ಲಿಂದಲೇ ಹೋಗಬೇಕು. ಹೀಗಾಗಿ ಅವರ ಒಬ್ಬಳೇ ಮಗಳು ಮನಿಷಾ ಚಿಕ್ಕಂದಿನಿಂದ ಆ ಮಾತುಗಳನ್ನು ಕೇಳುತ್ತಲೇ ಬೆಳೆದಿದ್ದಳು. ಯಾವ ಹಳ್ಳಿ ಯಾರ ಕಡೆ, ಯಾರು ಯಾವ ಚುನಾವಣೆಯಲ್ಲಿ ಯಾರಿಗೆ ಕೈಕೊಟ್ಟರು ಎಲ್ಲವೂ ಅವಳಿಗೆ ಬಾಯಿಪಾಠ. ಬಿ.ಎಡ್ ಮುಗಿಸಿ ಮನೆಯಲ್ಲಿದ್ದಾಗಲೂ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ಒಂದು ಗಳಿಗೆ ನಿಂತು ಕೇಳುವ ಚಟ ಅವಳಿಗೆ ಹೋಗಿರಲಿಲ್ಲ.

ಆ ವರ್ಷದ ವಿಧಾನಸಭೆ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಂಡಿ ಗುರುತಿನ ಪಕ್ಷಕ್ಕೆ ಎಲ್ಲರಿಗಿಂತ ಹೆಚ್ಚು ಸ್ಥಾನಗಳು ಬಂದವು, ಆದರೆ ಸರ್ಕಾರ ಮಾಡುವಷ್ಟಲ್ಲ. ಎರಡನೆಯದಾಗಿ ಬಂದ ಗಂಟೆಯೂ ಮೂರನೆಯದಾಗಿ ಬಂದ ಛತ್ರಿಯೂ ರಾಜಧಾನಿಯಲ್ಲಿ ಕೈ ಕೈ ಹಿಡಿದು ಟಿವಿಯ ಮುಂದೆ ನಿಂತವು. ಮುಖ್ಯಮಂತ್ರಿ ಛತ್ರಿಯವರೇ ಎಂದು ತೀರ್ಮಾನವಾಯಿತು. ಎದುರಿನ ಬಟ್ಟೆ ಅಂಗಡಿಯ ಹಾವಗೆಪ್ಪ ಬಂಡಿಯ ಕಟ್ಟಾ ಅಭಿಮಾನಿ. ಸುದ್ದಿ ಕೇಳಿದವನೇ ರಸ್ತೆ ದಾಟಿ ಬಂದ.

"ಹೆಚ್ಚಿಗಿ ಸೀಟು ಯಾರವ್ರಿ ಓಂಪ್ರಕಾಶ? ನಮ್ಮವು. ಎರಡನೇದವ್ರು, ಮೂರನೇದವ್ರು ಕೂಡಿ ಒಂದನೇದವ್ರಿಗಿ ಹೊರಗ ನಿಂದರಸ್ತೀರಂದ್ರ ಇದ್ಯಾವ ನ್ಯಾಯ? ಮಂದಿ ನಿಮಗ ಸೋಲಿಸ್ಯಾರ. ಸೋತವ್ರು ಸುಮ್ನ ಮನ್ಯಾಗ ಕೂಡಬೇಕು."

"ಇದೇನು ಕುಸ್ತಿ ಏನ್ರಿ, ಒಬ್ಬ ಗೆದ್ದ ಒಬ್ಬ ಬಿದ್ದ ಅನ್ಲಾಕ?" ಓಂಪ್ರಕಾಶರು ನಕ್ಕರು. "ವಿಧಾನಸಭಾದಾಗ ಅರ್ಧಕಿನ್ನ ಜಾಸ್ತಿ ಕೈ ಯಾರಿಗಿ ಏಳ್ತಾವ, ಅವ್ರದೇ ಸರ್ಕಾರ. ನಿಮಗ ಓಟು ಹಾಕಿದವ್ರಕಿನ್ನ ಹಾಕಲಾರದವ್ರೇ ಹೆಚ್ಚಿಗಿ ಅದಾರ. ಅದು ಹೇಳ್ರಿ ಮೊದಲ."

"ಓಟು ಕೇಳ್ಳಾಕ ಬಂದಾಗ ಹಿಂಗ ಕೂಡ್ತೇವಿ ಅಂತ ಹೇಳಿದ್ರೇನ್ರಿ? ಛತ್ರಿಯವ್ರು ಕಳ್ಳರು ಅಂತ ಇದೇ ಕುರ್ಚಿ ಮ್ಯಾಲ ಕುಂತು ನೀವೇ ಬೈದೀರಿ. ಈಗ ಅವ್ರೇ ನಿಮ್ಮ ಮುಖ್ಯಮಂತ್ರಿ!"

ಓಂಪ್ರಕಾಶರು ಕಪ್ಪು ಅವನತ್ತ ಸರಿಸಿದರು. "ಚಹಾ ಆರ್ತದ, ಕುಡೀರಿ" ಎಂದರು.

ಅವರಿಗೂ ಒಳಗೊಳಗೇ ಕಸಿವಿಸಿಯಾಗಿತ್ತು. ಔರಾದಿನ ಛತ್ರಿ ಅಧ್ಯಕ್ಷ ಮಡೆಪ್ಪನ ಜತೆ ಅವರದು ಇಪ್ಪತ್ತು ವರ್ಷದ ಜಗಳ. ಒಮ್ಮೆ ಬೀದರದ ಗಾಂಧಿ ಗಂಜದಲ್ಲಿ, ತೊಗರಿ ಚೀಲಗಳ ನಡುವೆ, ಹಮಾಲರೆಲ್ಲ ಗಾಡಿ ಬಿಟ್ಟು ನೋಡುವಂತೆ ಇಬ್ಬರೂ ಅಂಗಿಯ ಕೊರಳಪಟ್ಟಿ ಹಿಡಿದುಕೊಂಡಿದ್ದರು. ಅವರನ್ನು ಮಡೆಪ್ಪ 'ಒಡಕ ಗಂಟಿ' ಎನ್ನುತ್ತಿದ್ದ. ಇವರು ಅವನನ್ನು 'ಹರಕ ಛತ್ರಿ' ಎನ್ನುತ್ತಿದ್ದರು. ಈಗ ಮೇಲಿನಿಂದ ಅಪ್ಪಣೆ ಬಂತು: ಪ್ರತಿ ಜಿಲ್ಲೆಗೊಂದು ಸಮನ್ವಯ ಸಮಿತಿ, ಎರಡೂ ಪಕ್ಷದವರು ತಿಂಗಳಿಗೊಮ್ಮೆ ಒಟ್ಟಿಗೆ ಕೂಡಬೇಕು. ಬೀದರದ ಸಮಿತಿಯಲ್ಲಿ ಇಬ್ಬರ ಹೆಸರೂ ಇತ್ತು.

ಮೊದಲ ಸಭೆಗೆ ಓಂಪ್ರಕಾಶರು ಮುಖ ಊದಿಸಿಕೊಂಡು ಹೋದರು. ಮೂರನೆಯ ಸಭೆಯಿಂದ ಬಂದವರು ಹೆಂಡತಿ ದಾನಮ್ಮನ ಮುಂದೆ ಹೇಳಿದರು: "ಮಡೆಪ್ಪ ಮನಿಶ್ಯಾ ಖರಾಬಿಲ್ಲ ನೋಡು. ಬಾಯಿ ಒರಟ, ದಿಲ್ ಛಲೋ ಅದ." ಐದನೆಯ ಸಭೆಯ ನಂತರ ಒಬ್ಬ ಶಾಸಕರು ಊಟದ ಹೊತ್ತಿನಲ್ಲಿ ತಮಾಷೆಗೆಂದು ಎತ್ತಿದ ಸಂಬಂಧದ ಮಾತು ತಮಾಷೆಯಾಗಿ ಉಳಿಯಲಿಲ್ಲ. ಮಡೆಪ್ಪನ ಮಗ ಅಮಿತಕುಮಾರ ಬೀದರದ ಹೊರಗಿನ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಇಬ್ಬರದೂ ಒಂದೇ ಜಾತಿ, ಒಂದೇ ಮಠ. ಹುಡುಗ ಬಂದು ನೋಡಿ ಹೋದ. ಮೆಲುಮಾತಿನವನು. ಚಹಾ ಕೊಡುವಾಗ, ಈ ಮನೆಯಲ್ಲಿ ಇಷ್ಟು ಮಂದಿಗೆ ಚಹಾ ಮಾಡಿ ಮಾಡಿ ಬೇಸರ ಬಂದಿರಬೇಕಲ್ಲ ಎಂದು ಅವಳಿಗೆ ಮಾತ್ರ ಕೇಳುವಂತೆ ಅಂದಿದ್ದ. ಮನಿಷಾಗೆ ಅಷ್ಟು ಸಾಕಾಯಿತು. ಒಪ್ಪಿದಳು.

ಮದುವೆ ಬೀದರದಲ್ಲಿ ಆಯಿತು. ಮಂಟಪದ ಹೊರಗೆ ಗಂಟೆಯ ಬಾವುಟ, ಛತ್ರಿಯ ಬಾವುಟ ಎರಡನ್ನೂ ಕಟ್ಟಿದ್ದರು. ಹಾವಗೆಪ್ಪನೂ ಬಂದು ಹೊಟ್ಟೆ ತುಂಬ ಹುಗ್ಗಿ ಉಂಡು, ಕೈ ತೊಳೆಯುವಾಗ ಹೇಳಿದ: "ಮೈತ್ರಿ ಸರ್ಕಾರ ಅಂತ ಕೇಳಿದ್ದೆ. ಬೀಗರ ಸರ್ಕಾರ ಇದೇ ಮೊದಲ ನೋಡ್ಲಾಕತ್ತಿದ್ದು." ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಬೀಗರಿಬ್ಬರೇ.

ಅಮಿತಕುಮಾರ ಬೀದರದಲ್ಲಿ ಮಾಳಿಗೆಯ ಮೇಲಿನ ಎರಡು ಕೋಣೆ ಬಾಡಿಗೆ ಹಿಡಿದಿದ್ದ. ಕೆಳಗೆ ಮನೆಯೊಡತಿ ಶಾಕಿರಾ ಬೇಗಂ ಒಬ್ಬರೇ. ಮನಿಷಾಗೆ ಹತ್ತಿರದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಭಾಲ್ಕಿಯಿಂದ ಅಪ್ಪ, ಔರಾದಿನಿಂದ ಮಾವ, ಸಮಿತಿಯ ಸಭೆ ಇದ್ದ ದಿನ ಇಬ್ಬರೂ ಒಂದೇ ಜೀಪಿನಲ್ಲಿ ಬಂದು ಅವಳ ಕೈಯ ರೊಟ್ಟಿ ಉಂಡು ಹೋಗುತ್ತಿದ್ದರು. ಮಾವನ ಬಾಯಿ ನಿಜಕ್ಕೂ ಒರಟು. ಆದರೆ ಪ್ರತಿ ಸಲವೂ ಅವಳಿಗೆಂದು ಏನಾದರೂ ಕಟ್ಟಿಸಿಕೊಂಡೇ ಬರುತ್ತಿದ್ದರು.

ಅವಳನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವಳು ಅತ್ತೆ ಗುರಮ್ಮ. ಔರಾದಿನ ಹೊರಗಿನ ಹೊಲ, ಇಪ್ಪತ್ತು-ಮೂವತ್ತು ಕುರಿ, ಬಂದುಹೋಗುವ ಪಕ್ಷದ ಮಂದಿ ಎಲ್ಲವನ್ನೂ ಅವಳೊಬ್ಬಳೇ ನಿಭಾಯಿಸಿದ್ದಳು. ಒಮ್ಮೆ ಸೊಸೆಯ ತಲೆಗೆ ಎಣ್ಣೆ ಹಚ್ಚುತ್ತ ಅಂದಳು: "ನಿಮ್ಮ ಮಾವ ಊರಿಗೆಲ್ಲಾ ಛತ್ರಿಗಿ ಹಾಕ್ರಿ ಅಂತಾರ. ನಾ ಯಾರಿಗಿ ಹಾಕ್ತೇನಿ ಅಂತ ಇನ್ನಾ ಅವ್ರಿಗಿ ಗೊತ್ತಿಲ್ಲ."

"ಯಾರಿಗಿ ಹಾಕ್ತೀರ್ರಿ ಅತ್ತಿ?"

"ನಿನಗ್ಯಾಕ ಹೇಳ್ಲಿ? ನೀ ಗಂಟಿಯವರ ಮಗಳು!" ಎಂದು ಗುರಮ್ಮ ಅವಳ ಬೆನ್ನಿಗೊಂದು ಮೆಲ್ಲಗೆ ಗುದ್ದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮನಿಷಾ ಬಸುರಿಯಾದಳು. ಏಳನೆಯ ತಿಂಗಳಿಗೆ ಔರಾದಿನ ಮನೆಯಲ್ಲಿ ಕುಬಸದ ಕಾರ್ಯ ಇಟ್ಟರು. ಅಂದು ತವರಿನವರು ಬುತ್ತಿ ಕಟ್ಟಿಕೊಂಡು ಬಂದು, ಹಸಿರು ಸೀರೆ ಉಡಿಸಿ, ಊಟ ಮುಗಿಸಿ, ಮಗಳನ್ನು ಹೆರಿಗೆಗೆ ಕರೆದೊಯ್ಯುವುದೆಂದು ಮಾತಾಗಿತ್ತು. ಆ ಹೊತ್ತಿಗೆ ರಾಜಧಾನಿಯಲ್ಲಿ ಸರ್ಕಾರ ಅಲುಗಾಡತೊಡಗಿತ್ತು. ಗಂಟೆಯ ಕೆಲವು ಶಾಸಕರು ರಾಜೀನಾಮೆ ಕೊಟ್ಟು ಎಲ್ಲೋ ಹೊರರಾಜ್ಯದ ಹೋಟೆಲಿನಲ್ಲಿ ಕೂತಿದ್ದರು. ವಿಶ್ವಾಸಮತ ಕುಬಸದ ದಿನವೇ ಬಂದುಬಿಟ್ಟಿತು.

ಒಳಗೆ ಹೆಂಗಸರು ಹಾಡುತ್ತಿದ್ದರು. ಹೊರಗೆ ಪಡಸಾಲೆಯಲ್ಲಿ ಗಂಡಸರೆಲ್ಲ ಟಿವಿಯ ಮುಂದೆ. ಮಣೆಯ ಮೇಲೆ ಕುಳಿತ ಮನಿಷಾಗೆ ಬಾಗಿಲೊಳಗಿಂದ ಅಪ್ಪನ ಅರ್ಧ ಬೆನ್ನು, ಮಾವನ ಮುಖ ಕಾಣುತ್ತಿದ್ದವು. ದಾನಮ್ಮ ಉಡಿ ತುಂಬುವ ಹೊತ್ತಿಗೆ ಹೊರಗೆ ಒಮ್ಮೆಲೇ ಮಾತು ನಿಂತಿತು. ಸರ್ಕಾರ ಬಿದ್ದಿತ್ತು.

ಮೊದಲು ಬಾಯಿಬಿಟ್ಟವರು ಮಡೆಪ್ಪ. "ನಿಮ್ಮ ಮಂದಿನೇ ಓಡಿಹೋಗ್ಯಾರ ನೋಡ್ರಿ ಬೀಗರೇ. ನಮ್ಮೋರು ಒಬ್ಬಾದ್ರೂ ಹೋಗ್ಯಾನೇನು?"

"ಯಾಕ ಹೋದ್ರು ಅಂತ ಕೇಳ್ರಿ. ನಿಮ್ಮ ಮುಖ್ಯಮಂತ್ರಿ ನಮ್ಮ ಶಾಸಕರಿಗಿ ಬಾಗಲದಾಗ ನಿಂದರಿಸಿದ್ರು. ಒಂದು ರಸ್ತಾ ಕೇಳಿದ್ರ ನಾಳಿ ಬರ್ರಿ, ನಾಡ್ದು ಬರ್ರಿ. ಮನಿಶ್ಯಾ ಎಷ್ಟು ದಿನ ತಡೀತಾನ?"

"ತಡೀಲಾರದವ್ರು ಯಾಕ ಕೂಡಿದ್ರಿ?"

"ಕೂಡಿದೇವಂತ್ಲೇ ನೀವು ಕುರ್ಚಿ ಕಂಡಿರಿ. ಮೂರನೇ ನಂಬರ್ ಬಂದವ್ರಿಗಿ ಕುರ್ಚಿ ಕೊಟ್ಟೇವಿ, ಮರೀಬ್ಯಾಡ್ರಿ."

"ಕೊಟ್ಟೇವಿ ಅಂದ್ರ? ಭಿಕ್ಷಾ ಹಾಕಿದ್ರೇನು?" ಮಡೆಪ್ಪ ಎದ್ದು ನಿಂತರು. "ಹೆಣ್ಣು ಕೊಟ್ಟವ್ರಂತ ಸುಮ್ನ ಇದ್ದೇನಿ. ಇಲ್ಲಂದ್ರ..."

"ಇಲ್ಲಂದ್ರ ಏನ್ ಮಾಡ್ತಿದ್ರಿ? ಹೆಣ್ಣು ಕೊಟ್ಟೇನಿ, ಇಜ್ಜತ್ ಕೊಟ್ಟಿಲ್ಲ."

ಪಡಸಾಲೆಯಲ್ಲಿ ಇಬ್ಬರ ಹಿಂದೆಯೂ ಅವರವರ ಪಕ್ಷದ ಹುಡುಗರು ನಿಂತಿದ್ದರು. ಬರೀ ಇಬ್ಬರೇ ಇದ್ದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತೇನೋ ಎಂದು ಮನಿಷಾ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಅಷ್ಟು ಮಂದಿಯ ಮುಂದೆ ಇಬ್ಬರಲ್ಲಿ ಯಾರೂ ತಗ್ಗುವಂತಿರಲಿಲ್ಲ. ಗುರಮ್ಮ ಆರತಿ ತಟ್ಟೆ ಹಿಡಿದೇ ಹೊರಗೆ ಓಡಿ, "ಶುಭ ಕಾರ್ಯದಾಗ ಇದೇನ್ರಿ? ಉಂಡು ಜಗಳಾಡ್ರಿ" ಎಂದಳು. ಓಂಪ್ರಕಾಶರು ಅವಳಿಗೆ ಕೈಮುಗಿದರು. ಮಗಳತ್ತ ತಿರುಗಿ, "ನಡಿ ಮನಿಷಾ" ಎಂದರು.

ಅವಳು ಹೇಗೂ ಅಂದು ಭಾಲ್ಕಿಗೆ ಹೋಗುವವಳೇ. ಎಲೆ ಹಾಕಿದ್ದರು, ಯಾರೂ ಉಣ್ಣಲಿಲ್ಲ. ಉಡಿ ತುಂಬಿಕೊಂಡೇ ಜೀಪು ಹತ್ತಿದಳು.

ಹೆಣ್ಣು ಮಗು ಹುಟ್ಟಿತು. ಔರಾದಿಗೆ ಸುದ್ದಿ ಹೋಯಿತು. ಪದ್ಧತಿಯಂತೆ ಅತ್ತೆ-ಮಾವ ಬಂದು ಮಗುವನ್ನು ನೋಡಬೇಕು, ತೊಟ್ಟಿಲ ಕಾರ್ಯ ಆಗಬೇಕು, ಆಮೇಲೆ ಅವರೇ ಬಂದು ಬಾಣಂತಿಯನ್ನು ಕರೆದೊಯ್ಯಬೇಕು. ಅಷ್ಟರಲ್ಲಿ ರಾಜೀನಾಮೆಯಿಂದ ತೆರವಾದ ಪಕ್ಕದ ಕ್ಷೇತ್ರಕ್ಕೆ ಉಪಚುನಾವಣೆ ಘೋಷಣೆಯಾಯಿತು. ಗಂಟೆಯೂ ಛತ್ರಿಯೂ ಬೇರೆ ಬೇರೆ ನಿಂತವು. ಆ ಕ್ಷೇತ್ರದ ಅರ್ಧ ಹಳ್ಳಿಗಳ ಉಸ್ತುವಾರಿ ಓಂಪ್ರಕಾಶರಿಗೆ. ಛತ್ರಿಯ ಕಡೆಯಿಂದ ಅವೇ ಹಳ್ಳಿಗಳ ಉಸ್ತುವಾರಿ ಮಡೆಪ್ಪನವರಿಗೆ.

ಅಮಿತಕುಮಾರ ಬಂದ. ಯಾರೂ ಗುರುತು ಹಿಡಿಯದಿರಲೆಂದು, ಬೈಕಿನಿಂದಿಳಿದು ಒಳಗೆ ಬರುವ ತನಕ ಹೆಲ್ಮೆಟ್ಟು ತೆಗೆಯಲಿಲ್ಲ. ಮಗಳನ್ನು ಎತ್ತಿಕೊಂಡು ಅತ್ತ.

"ಮಾವ ಯಾವಾಗ ಬರ್ತಾರಂತ?" ಮನಿಷಾ ಕೇಳಿದಳು.

"ಎಲೆಕ್ಷನ್ ಮುಗೀಲಿ ಅಂದಾರ. ಈಗ ಭಾಲ್ಕಿಗಿ ಹೋದ್ರ ಮಂದಿ ಏನಂತಾರ, ಮಡೆಪ್ಪ ಒಳಗಿಂದೊಳಗ ಗಂಟಿಯವರ ಜೋಡಿ ಒಂದಾಗ್ಯಾನ ಅಂತಾರ ಅಂತ..."

"ನೀವಾದ್ರೂ ಒಂದು ಮಾತು ಹೇಳ್ರಿ."

"ಏನ್ ಹೇಳ್ಲಿ? ಅಪ್ಪ ಒಬ್ಬರೇ ಸಿಕ್ರ ಹೇಳ್ತಿದ್ದೆ. ಯಾವಾಗ ನೋಡಿದ್ರೂ ಹಿಂದ ನಾಕು ಮಂದಿ ಇರ್ತಾರ."

ಅಪ್ಪನನ್ನು ಅವಳೇ ಕೇಳಿದಳು. ಓಂಪ್ರಕಾಶರು ಮೊಮ್ಮಗಳ ಅಂಗಾಲಿಗೆ ಮುತ್ತಿಡುತ್ತ ಬೇಸರದಿಂದಲೇ ಹೇಳಿದರು: "ನನಗೇನು ಹಟ ಅದ ಏನವ್ವಾ? ಎಲೆಕ್ಷನ್ ಮುಗೀಲಿ. ಈಗ ನಾ ಅವ್ರಿಗಿ ಕರದ್ರ ನಮ್ಮ ಕ್ಯಾಂಡಿಡೇಟ್ ನನಗ ನಂಬೂದಿಲ್ಲ."

ಉಪಚುನಾವಣೆ ಮುಗಿಯಿತು, ಗೆದ್ದದ್ದು ಬಂಡಿ. ಗಂಟೆಯವರು ಛತ್ರಿಯವರಿಂದ ಸೋತೆವೆಂದರು, ಛತ್ರಿಯವರು ಗಂಟೆಯವರಿಂದ ಸೋತೆವೆಂದರು. ಅದರ ಬೆನ್ನಿಗೇ ಜಿಲ್ಲಾ ಪಂಚಾಯಿತಿ ಚುನಾವಣೆ ಬಂತು. ಮತ್ತೆ ಅದೇ ಮಾತು. ಮಗು ಕವುಚಿಕೊಂಡಿತು, ಹೊಟ್ಟೆಯ ಮೇಲೆ ತೆವಳತೊಡಗಿತು. ತೊಟ್ಟಿಲ ಕಾರ್ಯ ಆಗಲೇ ಇಲ್ಲ. ಮಗುವಿಗೆ ಹೆಸರಿಲ್ಲದೆ ಎಲ್ಲರೂ 'ಚಿನ್ನಿ' ಎನ್ನುತ್ತಿದ್ದರು.

ಅದೇ ಹೊತ್ತಿಗೆ ಗುರಮ್ಮನ ಕಿಡ್ನಿ ಕೆಟ್ಟಿತು. ಡಯಾಲಿಸಿಸ್‌ಗೆ ಔರಾದಿನಿಂದ ಓಡಾಡುವುದು ಆಗದೆಂದು ಅವಳನ್ನು ಬೀದರದಲ್ಲಿ ಮಗನ ಮನೆಯಲ್ಲಿ ಇಟ್ಟುಕೊಂಡರು. ಅಮಿತಕುಮಾರ ಭಾಲ್ಕಿಗೆ ವಿಡಿಯೋ ಕರೆ ಹಚ್ಚಿ ತಾಯಿಗೆ ಮಗುವನ್ನು ತೋರಿಸುತ್ತಿದ್ದ. ಗುರಮ್ಮ ಪರದೆಯ ತೀರ ಹತ್ತಿರ ಮುಖ ತರುತ್ತಿದ್ದಳು. ಮನಿಷಾಗೆ ಅವಳ ಹಣೆಯ ವಿಭೂತಿ ಮಾತ್ರ ಕಾಣುತ್ತಿತ್ತು. "ನನಗ ಸರಿ ಕಾಣಂಗಿಲ್ಲ, ಯಾರ ಹಂಗ ಅದ ಕೂಸು?" ಎಂದು ಪ್ರತಿ ಸಲ ಕೇಳುತ್ತಿದ್ದಳು.

ಒಂದು ಬೆಳಿಗ್ಗೆ ಶಾಕಿರಾ ಬೇಗಂ ಫೋನು ಮಾಡಿದರು. "ಬೇಟಿ, ನಾ ಹೇಳೀನಂತ ಯಾರಿಗೂ ಹೇಳಬ್ಯಾಡ. ನಿಮ್ಮ ಅತ್ತಿ ಮೆಟ್ಟಲ ಮ್ಯಾಲ ಯಾರದಾರ ಕಾಲ ಸಪ್ಪಳ ಕೇಳಿದ್ರ ನೀನೇ ಬಂದಿ ಅಂತ ಎದ್ದು ಕೂಡ್ತಾರ. ಊಟ ಬಿಟ್ಟಾರ. ಒಮ್ಮಿ ಬಂದು ಹೋಗು."

ಓಂಪ್ರಕಾಶರು ಪ್ರಚಾರಕ್ಕೆ ಹೋಗಿದ್ದರು. ಮನಿಷಾ ತಾಯಿಯ ಮುಖ ನೋಡಿದಳು. ದಾನಮ್ಮ ಮಗುವಿಗೆ ಟೊಪ್ಪಿಗೆ ಹಾಕಿ, ಒಂದು ಡಬ್ಬಿಯಲ್ಲಿ ಮೆತ್ತಗಿನ ಅನ್ನ ಕಟ್ಟಿದಳು. "ಸಂಜಿಕಿನ್ನ ಮೊದಲ ಬಾ. ಅಪ್ಪಗ ನಾ ಹೇಳ್ಕೋತೇನಿ."

ಬಸ್ಸಿನಲ್ಲಿ ಮಗು ನಿದ್ದೆ ಹೋಯಿತು. ಬೀದರದಲ್ಲಿಳಿದು ಆಟೋ ಹಿಡಿದು ಮನೆ ಮುಟ್ಟಿದಾಗ ಶಾಕಿರಾ ಬೇಗಂ ಬಾಗಿಲಲ್ಲೇ ನಿಂತಿದ್ದರು. ಮಹಡಿಯಲ್ಲಿ ಗುರಮ್ಮ ಖಾಟಿನ ಮೇಲೆ ಎದ್ದು ಕುಳಿತಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು, ಕೈಯ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಮನಿಷಾ ಮಗುವನ್ನು ಅವಳ ತೊಡೆಯ ಮೇಲೆ ಹಾಕಿದಳು. ಗುರಮ್ಮ ಮಗುವಿನ ಕಿವಿ ಮುಟ್ಟಿದಳು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಆಮೇಲೆ, "ಮೂಗು ನಂದು" ಎಂದಳು.

ಆ ಮಧ್ಯಾಹ್ನ ಆ ಮನೆಯಲ್ಲಿ ನಾಲ್ಕು ಹೆಂಗಸರೇ ಇದ್ದರು, ಒಬ್ಬಳು ತೊಡೆಯ ಮೇಲೆ. ಗುರಮ್ಮ ಅನ್ನ ಉಂಡಳು. ಶಾಕಿರಾ ಬೇಗಂ ಖಾಟಿನ ಕಾಲಬಳಿ ಕುಳಿತು ತಮ್ಮ ಕಾಲದ ಬಾಣಂತನದ ಕಥೆ ಹೇಳಿದರು. ಇಲ್ಲೇ ಉಳಿದುಬಿಟ್ಟರೆ ಏನಾದೀತು ಎಂದು ಮನಿಷಾಗೆ ಅನಿಸಿತು. ಇದು ನನ್ನ ಗಂಡನ ಮನೆ, ನನ್ನ ಪಾತ್ರೆ, ನನ್ನ ಒಲೆ. ಯಾರನ್ನು ಕೇಳಬೇಕು? ಅಮಿತಕುಮಾರನಿಗೆ ಫೋನು ಮಾಡಿ ಹೇಳಿದಳು. "ಇದ್ದುಬಿಡು, ಇದ್ದುಬಿಡು. ನಾ ಜಲ್ದಿ ಬರ್ತೇನಿ" ಎಂದ. ಅವನ ದನಿಯಲ್ಲಿ ಅಷ್ಟು ಸಂತೋಷ ಕೇಳಿ ಬಹಳ ದಿನವಾಗಿತ್ತು.

ಅವನಿಗಿಂತ ಮೊದಲು ಮಡೆಪ್ಪ ಬಂದರು. ಪ್ರಚಾರದ ಸಾಮಾನು ಒಯ್ಯಲು ಬೀದರಕ್ಕೆ ಬಂದವರು ಹೆಂಡತಿಯನ್ನು ನೋಡಿ ಹೋಗೋಣವೆಂದು ಬಂದಿದ್ದರು. ಜತೆಗೆ ಪಕ್ಷದ ಮೂರ್ನಾಲ್ಕು ಹುಡುಗರು. ಮೊಮ್ಮಗಳನ್ನು ಕಂಡವರೇ ಹೆಗಲ ಮೇಲಿನ ಪಕ್ಷದ ವಸ್ತ್ರವನ್ನೂ ತೆಗೆಯದೆ ಎರಡೂ ಕೈಚಾಚಿ ಎತ್ತಿಕೊಂಡರು. ಮಗು ವಸ್ತ್ರದ ತುದಿ ಹಿಡಿದು ಎಳೆಯಿತು. ಎಲ್ಲರೂ ನಕ್ಕರು. ಒಬ್ಬ ಹುಡುಗ ಆ ಗಳಿಗೆಯ ಫೋಟೋ ತೆಗೆದ. ಅವನಿಗೇನೂ ಕೆಟ್ಟ ಉದ್ದೇಶವಿರಲಿಲ್ಲ. ಖುಷಿಯಿಂದಲೇ ಪಕ್ಷದ ವಾಟ್ಸಾಪ್ ಗುಂಪಿಗೆ ಹಾಕಿದ. ಮೇಲೆ ಒಂದು ಸಾಲು ಬರೆದ: 'ಗಂಟೆಯ ಮನೆ ಮಗಳು ಛತ್ರಿಯ ನೆರಳಿಗೆ.'

ಆ ಫೋಟೋ ಭಾಲ್ಕಿ ಮುಟ್ಟಲು ಎಷ್ಟು ಹೊತ್ತು ಬೇಕು? ಗಂಟೆಯ ಅಭ್ಯರ್ಥಿ ಓಂಪ್ರಕಾಶರಿಗೆ ಹಳ್ಳಿಯೊಂದರಲ್ಲಿ, ಮಂದಿಯ ನಡುವೆಯೇ, ಫೋನು ತೋರಿಸಿ ಕೇಳಿದನಂತೆ: "ಇದೇನ್ರಿ ಅಧ್ಯಕ್ಷರೇ?"

ಬಿಸಿಲು ಇಳಿಯುವ ಮೊದಲೇ ಮನೆಯ ಮುಂದೆ ಓಂಪ್ರಕಾಶರ ಜೀಪು ನಿಂತಿತು. ಅವರು ಕೂಗಾಡಲಿಲ್ಲ. ಮೆಟ್ಟಿಲು ಹತ್ತಿ ಬಂದು, ಗುರಮ್ಮನ ಕಾಲ ಬಳಿ ನಿಂತು, "ಶರಣ್ರಿ, ಹ್ಯಾಂಗಿದ್ದೀರಿ?" ಎಂದು ಕೇಳಿದರು. ಆಮೇಲೆ ಮಗಳಿಗೆ, "ನಡಿಯವ್ವಾ. ಎಲೆಕ್ಷನ್ ಮುಗಿಯೂ ತನಾ."

"ನಾ ಇಲ್ಲೇ ಇರ್ತೇನಿ ಅಪ್ಪಾ. ಅತ್ತಿಗಿ ಆರಾಮಿಲ್ಲ."

"ಗೊತ್ತದವ್ವಾ. ನೀ ಇಲ್ಲಿದ್ರ ನಾ ಅಲ್ಲಿ ತಲಿ ಎತ್ತಿ ತಿರಗಾಕ ಆಗೂದಿಲ್ಲ. ಸ್ವಲ್ಪ ದಿನ."

ಮನಿಷಾ ಮಾವನತ್ತ ನೋಡಿದಳು. ಇಪ್ಪತ್ತು ವರ್ಷ ಅಪ್ಪನ ಒಂದು ಮಾತಿಗೂ ಒಪ್ಪದಿದ್ದವರು ಅವರು; ಇದಕ್ಕೂ ಒಪ್ಪುವುದಿಲ್ಲವೆಂದು ನಂಬಿದ್ದಳು. ಮಡೆಪ್ಪ ಬಾಗಿಲಲ್ಲಿ ನಿಂತ ಹುಡುಗರನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡರು.

"ಬೀಗರು ಅನ್ನೂದು ಖರೇ ಅದ ತಂಗಿ. ನನಗೂ ತ್ರಾಸ ಅದ. ನಮ್ಮ ಕಡಿ ಮಂದಿನೂ ಕೇಳ್ಲಾಕತ್ತಾರ, ಗಂಟಿಯವ್ರ ಮಗಳು ಮನ್ಯಾಗ ಕುಂತು ಸುದ್ದಿ ಒಯ್ತಾಳೇನು ಅಂತ. ಈಗ ಹೋಗು. ಮುಗದಿಂದ ನಾನೇ ಬಂದು ಕರ್ಕೊಂಡು ಬರ್ತೇನಿ."

ಕುಬಸದ ದಿನದಿಂದ ಇಬ್ಬರೂ ಒಪ್ಪಿದ ಮಾತು ಅದೊಂದೇ, ಅವಳು ಅಲ್ಲಿ ಇರಕೂಡದು ಎಂಬುದು. ಅಷ್ಟರಲ್ಲಿ ಅಮಿತಕುಮಾರ ಬಂದ. ಕೈಯಲ್ಲಿ ಮಗುವಿಗೆಂದು ತಂದ ಗಿಲಕಿ. ಇಬ್ಬರು ಹಿರಿಯರನ್ನೂ ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಅವನು ಏನಾದರೂ ಹೇಳಲೆಂದು ಮನಿಷಾ ಕಾದಳು. ಅವನು ಗಿಲಕಿಯನ್ನು ಖಾಟಿನ ಮೇಲಿಟ್ಟು ಗೋಡೆಗೆ ಸರಿದು ನಿಂತ.

ಮಗು ಗುರಮ್ಮನ ತೊಡೆಯ ಮೇಲೆ ಮಲಗಿತ್ತು. ಮನಿಷಾ ಎತ್ತಿಕೊಳ್ಳಲು ಬಗ್ಗಿದಾಗ ಗುರಮ್ಮ ಕೈ ಸಡಿಲಿಸಲಿಲ್ಲ. ಒಂದು ಗಳಿಗೆ ಇಬ್ಬರೂ ಮಗುವನ್ನು ಹಿಡಿದುಕೊಂಡೇ ಇದ್ದರು. ಆಮೇಲೆ ಗುರಮ್ಮ ತಾನಾಗಿಯೇ ಬಿಟ್ಟಳು.

"ಒಯ್ಯಿ, ಒಯ್ಯವ್ವಾ. ಇವ್ರ ಎಲೆಕ್ಷನ್ ಮುಗಿಯೂದಿಲ್ಲ. ನಾ ಲಗ್ನಾಗಿ ಬಂದಾಗಿಂದ ನೋಡೇನಿ."

ಮತದಾನದ ಹಿಂದಿನ ದಿನ ಗುರಮ್ಮ ತೀರಿಕೊಂಡಳು.

ಔರಾದಿನ ಹೊರಗೆ ಅವರ ಹೊಲದಲ್ಲೇ ಸಮಾಧಿ. ಓಂಪ್ರಕಾಶರು ಹೆಂಡತಿ, ಮಗಳು, ಮೊಮ್ಮಗಳನ್ನು ಕರೆದುಕೊಂಡು ಹೋದರು. ಗುರಮ್ಮನನ್ನು ಕೂಡಿಸಿ, ಹೂ ಮುಡಿಸಿ, ಕೈಯಲ್ಲಿ ಲಿಂಗ ಇಟ್ಟಿದ್ದರು. ಮನಿಷಾ ಮಗುವಿನ ಕೈ ಹಿಡಿದು ಆ ತಣ್ಣನೆಯ ಪಾದ ಮುಟ್ಟಿಸಿದಳು. ಮಡೆಪ್ಪ ಒಂದು ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಓಂಪ್ರಕಾಶರು ಹತ್ತಿರ ಹೋಗಿ ಕುಳಿತರು. ಸ್ವಲ್ಪ ದೂರದಲ್ಲಿ ಎರಡೂ ಪಕ್ಷದ ಮಂದಿ ಗುಂಪುಗುಂಪಾಗಿ ನಿಂತು ಆ ಇಬ್ಬರನ್ನೇ ನೋಡುತ್ತಿದ್ದರು. ಒಬ್ಬ ಬಂದು ಓಂಪ್ರಕಾಶರ ಕಿವಿಯಲ್ಲಿ ಏನೋ ಹೇಳಿದ, ಅವರು ಎದ್ದರು. ನಾಳೆ ಬೆಳಿಗ್ಗೆ ಬೂತಿಗೆ ಮಂದಿ ಹಚ್ಚಬೇಕಿತ್ತು.

"ನಾ ಇಲ್ಲೇ ಉಳೀತೇನಿ" ಎಂದಳು ಮನಿಷಾ. ಈ ಸಲ ಯಾರೂ ಬೇಡವೆನ್ನಲಿಲ್ಲ. ಬೇಡವೆನ್ನಲು ಯಾರಿಗೂ ಪುರಸತ್ತೇ ಇರಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಗಂಡನ ಜತೆ ಬೀದರದ ಮನೆಗೆ ಬಂದಳು.

ಜಿಲ್ಲಾ ಪಂಚಾಯಿತಿಯಲ್ಲೂ ಬಂಡಿಯೇ ಗೆದ್ದಿತು. ಭಾಲ್ಕಿಯ ಅಂಗಡಿಯಲ್ಲಿ ಹಾವಗೆಪ್ಪ ಪೇಡೆ ಹಂಚಿದನಂತೆ. ಕೆಲವು ತಿಂಗಳಾದ ಮೇಲೆ ರಾಜಧಾನಿಯಲ್ಲಿ ಗಂಟೆಯ ನಾಯಕರು, ಛತ್ರಿಯ ನಾಯಕರು ಮತ್ತೆ ಟಿವಿಯ ಮುಂದೆ ಬಂದರು. ಬೇರೆ ಬೇರೆ ನಿಂತು ಇಬ್ಬರೂ ಕೆಟ್ಟೆವು, ಬರುವ ಲೋಕಸಭೆಗೆ ಒಂದಾಗಿ ಹೋಗುತ್ತೇವೆ ಎಂದರು. ಹಿಂದಿನದನ್ನು ಮರೆತಿದ್ದೇವೆ ಎಂದೂ ಅಂದರು. ಬೀದರದಲ್ಲಿ ಮತ್ತೆ ಸಮನ್ವಯ ಸಮಿತಿ ಕೂಡಿತು.

ಸಭೆ ಮುಗಿಸಿ ಓಂಪ್ರಕಾಶರೂ ಮಡೆಪ್ಪನವರೂ ಒಂದೇ ಜೀಪಿನಲ್ಲಿ ಮನಿಷಾಳ ಮನೆಗೆ ಬಂದರು. ಅಮಿತಕುಮಾರ ಕೊಳಾರದಿಂದ ಇನ್ನೂ ಬಂದಿರಲಿಲ್ಲ. ಮಗು ಗೋಡೆ ಹಿಡಿದು ನಿಲ್ಲುತ್ತಿತ್ತು. ಇಬ್ಬರು ಅಜ್ಜಂದಿರೂ ನೆಲಕ್ಕೆ ಕೂತು, ನನ್ನ ಹತ್ತಿರ ಬಾ, ನನ್ನ ಹತ್ತಿರ ಬಾ ಎಂದು ಕರೆದರು. ಮಗು ಇಬ್ಬರ ಗುರುತೂ ಸಿಗದೆ ತಾಯಿಯ ಸೀರೆಯ ಹಿಂದೆ ಅಡಗಿತು.

ಮನಿಷಾ ಚಹಾ ಕೊಟ್ಟಳು. ಯಾವ ಹಳ್ಳಿಗೆ ಯಾರು ಹೋಗಬೇಕು, ಯಾವ ಊರಿನಲ್ಲಿ ಗಂಟೆಯ ಬಾವುಟ ಮುಂದೆ, ಯಾವ ಊರಿನಲ್ಲಿ ಛತ್ರಿಯದು ಎಂದು ಮಾತು ನಡೆದಿತ್ತು. ತೊಟ್ಟಿಲ ಕಾರ್ಯವನ್ನೂ ಈಗಲೇ ಮಾಡಿಬಿಡೋಣ, ಬೀದರದಲ್ಲಿ ದೊಡ್ಡದಾಗಿ, ಎರಡೂ ಕಡೆಯ ಶಾಸಕರನ್ನು ಕರೆದು ಎಂದರು ಮಡೆಪ್ಪ. ಹೇಳುತ್ತ ಹೇಳುತ್ತ ಅವರ ಕಣ್ಣು ಗುರಮ್ಮ ಮಲಗುತ್ತಿದ್ದ ಖಾಟಿನ ಮೇಲೆ ಬಿತ್ತು. ಚಹಾದ ಕಪ್ಪು ಕೆಳಗಿಟ್ಟರು. ಹೆಗಲ ವಸ್ತ್ರ ಬಾಯಿಗೊತ್ತಿಕೊಂಡು ಭುಜ ಕುಲುಕಿಸಿ ಅಳತೊಡಗಿದರು. ಓಂಪ್ರಕಾಶರು ಅವರ ಬೆನ್ನ ಮೇಲೆ ಕೈಯಿಟ್ಟರು. ಅವರ ಕಣ್ಣೂ ಒದ್ದೆಯಾಗಿತ್ತು.

"ಒಂದು ಸಲಾನಾದ್ರೂ ಕೂಸಿನ ತೊಟ್ಟಲ ತೂಗ್ಲಿಲ್ಲ ಆಕಿ," ಎಂದರು ಮಡೆಪ್ಪ.

ಮನಿಷಾ ಎಷ್ಟೋ ದಿನದಿಂದ ಅವರಿಬ್ಬರಿಗೂ ಹೇಳಬೇಕೆಂದು ಮಾತುಗಳನ್ನು ಕೂಡಿಹಾಕಿಕೊಂಡಿದ್ದಳು. ಅಡುಗೆ ಮಾಡುವಾಗ, ಬಟ್ಟೆ ಒಣಹಾಕುವಾಗ ಮನಸ್ಸಿನಲ್ಲೇ ಹೇಳಿ ಹೇಳಿ ಚೂಪು ಮಾಡಿಕೊಂಡಿದ್ದಳು. ಈಗ ಎದುರಿಗೆ ಇಬ್ಬರು ಮುದುಕರು ಅಳುತ್ತ ಕೂತಿದ್ದರು. ಯಾರಿಗೆ ಹೇಳಬೇಕು?

"ಈ ಸಲ ಎಷ್ಟು ದಿನ, ಅಪ್ಪಾ?" ಎಂದಷ್ಟೇ ಕೇಳಿದಳು.

"ಏನವ್ವಾ?"

"ಈ ಸಲ ಎಷ್ಟು ದಿನ ಕೂಡಿರ್ತೀರಿ ಅಂತ."

ಓಂಪ್ರಕಾಶರು ಬೀಗರ ಮುಖ ನೋಡಿದರು. ಮಡೆಪ್ಪ ಮುಖ ಒರೆಸಿಕೊಂಡರು. "ಅದು ನಮ್ಮ ಕೈಯಾಗ ಏನದ ತಂಗಿ," ಎಂದರು. ಅವರ ದನಿಯಲ್ಲಿ ಒರಟುತನ ಇರಲಿಲ್ಲ. "ಮ್ಯಾಲಿನವ್ರು ಹ್ಯಾಂಗಿರ್ತಾರ, ನಾವೂ ಹಂಗ."

ಜೀಪಿನ ಬಳಿಯಿಂದ ಯಾರೋ ಕೂಗಿದರು. ಮನ್ನಳ್ಳಿಯಲ್ಲಿ ಮಂದಿ ಕಾಯುತ್ತಿದ್ದಾರಂತೆ. ಇಬ್ಬರೂ ಎದ್ದರು. ಮೆಟ್ಟಿಲಿಳಿಯುವಾಗ ಮಡೆಪ್ಪನವರ ಮೊಣಕಾಲು ನೋಯುತ್ತದೆಂದು ಓಂಪ್ರಕಾಶರು ಅವರ ರಟ್ಟೆ ಹಿಡಿದುಕೊಂಡರು. ಮನಿಷಾ ಮಗುವನ್ನೆತ್ತಿಕೊಂಡು ಮೇಲೆ ನಿಂತು ನೋಡಿದಳು. ಕೆಳಗೆ ಹುಡುಗರು ಜೀಪಿನ ಮುಂದೆ ಎರಡು ಬಾವುಟ ಕಟ್ಟುತ್ತಿದ್ದರು. ಶಾಕಿರಾ ಬೇಗಂ ಬಾಗಿಲಿಗೆ ಬಂದು, ಇಬ್ಬರಿಗೂ ಸಲಾಂ ಹೇಳಿ, ಒಳಗೆ ಹೋಗಿ ಕದ ಹಾಕಿಕೊಂಡರು. ಜೀಪು ಹೊರಟಿತು. ಮಗು ಕೈಬೀಸಿತು, ಯಾರಿಗೆ ಎಂದು ಅದಕ್ಕೂ ಗೊತ್ತಿರಲಿಲ್ಲ. ಮನಿಷಾ ಒಳಗೆ ಬಂದು ಎರಡು ಕಪ್ಪುಗಳನ್ನು ಎತ್ತಿದಳು. ಎರಡರಲ್ಲೂ ಚಹಾ ಅರ್ಧ ಉಳಿದಿತ್ತು.